ಎಲ್ಲರಿಗಿಂತ ಹೆಚ್ಚು ದಣಿದವರಿಗೆ ಮೊದಲು ರಜೆ

ದಸರೆ ರಜೆ ಹತ್ತಿರವಾಗುತ್ತಿದ್ದಂತೆ ಬೆಂಗಳೂರು, ಮೈಸೂರು, ತುಮಕೂರಿನ ಎಷ್ಟೋ ಮನೆಗಳಲ್ಲಿ ಒಂದು ಚೀಟಿ ತಯಾರಾಗುತ್ತದೆ. ಗುರುವಾರ ರಾತ್ರಿ ಹತ್ತಕ್ಕೆ ಬಾಗಿಲಿಗೆ ಟಿಟಿ ಗಾಡಿ. ಬೆಳಗಿನ ಜಾವ ಧರ್ಮಸ್ಥಳ, ನೇತ್ರಾವತಿಯಲ್ಲಿ ಸ್ನಾನ, ದರ್ಶನ. ಮಧ್ಯಾಹ್ನ ಸುಬ್ರಹ್ಮಣ್ಯ, ರಾತ್ರಿಗೆ ಉಡುಪಿ. ಮರುದಿನ ಮಲ್ಪೆ, ಮುರುಡೇಶ್ವರ, ಕೊಲ್ಲೂರು. ಮೂರನೆಯ ದಿನ ಶೃಂಗೇರಿ, ಹೊರನಾಡು, ಟೈಮ್ ಸಿಕ್ಕರೆ ಬೇಲೂರು. ಸೋಮವಾರ ನಸುಕಿನ ನಾಲ್ಕಕ್ಕೆ ಮನೆ, ಒಂಬತ್ತಕ್ಕೆ ಆಫೀಸು, ಮಕ್ಕಳಿಗೆ ಸ್ಕೂಲು. ಒಂದು ಜಾಗವೂ ಬಿಟ್ಟುಹೋಗದ ಹಾಗೆ ಈ ಚೀಟಿ ಬರೆದವರಿಗೆ ಮನೆಮಂದಿಯೆಲ್ಲ ಶಹಬ್ಬಾಸ್ ಹೇಳುತ್ತಾರೆ.

ಈ ಪ್ರಯಾಣದ ಬಗ್ಗೆ ನನಗೆ ಅಗೌರವ ಇಲ್ಲ. ಹರಕೆ ಹೊತ್ತವರು ಹರಕೆ ತೀರಿಸಬೇಕು. ಮಗುವಿನ ಮುಡಿ ಕೊಡುವುದಿರುತ್ತದೆ, ಸರ್ಪಸಂಸ್ಕಾರ ಇರುತ್ತದೆ, ಮಗಳ ಮದುವೆ ಗೊತ್ತಾಗಲೆಂದು ಬೇಡಿಕೊಂಡದ್ದಿರುತ್ತದೆ. ಆ ಪ್ರಯಾಣದ ಫಲ ದೇವರ ಮುಂದೆ ನಿಂತ ಗಳಿಗೆಯಲ್ಲಿದೆ. ಕಾಲು ನೋವು, ಸರತಿಯ ಸಾಲು, ನಿದ್ದೆಗೇಡು ಎಲ್ಲವೂ ಅದಕ್ಕೆ ಕೊಟ್ಟ ಬೆಲೆ. ನನ್ನ ತಕರಾರು ಇರುವುದು ಅದನ್ನೇ ‘ರಜೆ’ ಎಂದು ಲೆಕ್ಕ ಹಿಡಿಯುವುದರ ಬಗ್ಗೆ. ವರ್ಷಕ್ಕೊಮ್ಮೆ ಸಿಗುವ ನಾಲ್ಕೈದು ದಿನವನ್ನು ಹೀಗೆ ಖರ್ಚು ಮಾಡಿದರೆ ಮನೆಗೆ ವಿಶ್ರಾಂತಿ ಸಿಕ್ಕಂತಾಗುವುದಿಲ್ಲ. ಹರಕೆಯ ಪ್ರಯಾಣ ಬೇರೆ ಇರಲಿ, ರಜೆ ಬೇರೆ ಇರಲಿ.

ಆ ಟಿಟಿಯಲ್ಲಿ ಯಾರು ಎಷ್ಟು ದಣಿಯುತ್ತಾರೆ ಎಂದು ಒಮ್ಮೆ ನೋಡಿ. ಡ್ರೈವರ್ ಪಕ್ಕ ಕೂತ ಮಾವನವರು ರಸ್ತೆ ನೋಡುತ್ತ ಖುಷಿಯಾಗಿದ್ದಾರೆ. ಮಕ್ಕಳು ಹಿಂದಿನ ಸೀಟಿನಲ್ಲಿ ಅಂತ್ಯಾಕ್ಷರಿ ಆಡುತ್ತಿದ್ದಾರೆ. ನಡುವಿನ ಸೀಟಿನಲ್ಲಿ ಕಾಲ ಬಳಿ ಸ್ಟೀಲ್ ಡಬ್ಬಿಗಳ ಚೀಲ ಇಟ್ಟುಕೊಂಡ ಒಬ್ಬ ಹೆಂಗಸು ಇರುತ್ತಾಳೆ. ಹಿಂದಿನ ದಿನವಿಡೀ ನಿಂತು ಚಪಾತಿ ಲಟ್ಟಿಸಿದವಳು, ಪುಳಿಯೋಗರೆ ಕಲಸಿದವಳು, ಚಟ್ನಿಪುಡಿ ಕೊಬ್ಬರಿಮಿಠಾಯಿ ಕಟ್ಟಿಕೊಂಡವಳು ಅವಳೇ. ಗಾಡಿ ನಿಂತಲ್ಲೆಲ್ಲ ಪೇಪರ್ ತಟ್ಟೆ ಹರವಿ ಬಡಿಸುವವಳು, ಲಾಡ್ಜಿನಲ್ಲಿ ಎಲ್ಲರ ಸ್ನಾನ ಮುಗಿದ ಮೇಲೆ ತಣ್ಣೀರಿಗೆ ಹೋಗುವವಳು, ಒದ್ದೆ ಟವೆಲ್ಲುಗಳನ್ನು ಕುರ್ಚಿಯ ಬೆನ್ನಿಗೆ ಹರಡುವವಳು ಕೂಡ ಅವಳೇ. ಅವಳಿಗೆ ಅಡುಗೆಮನೆ ಬದಲಾಗಿದೆಯಷ್ಟೇ, ಕೆಲಸ ಬದಲಾಗಿಲ್ಲ.

ನಿರಾಳವಾದ ರಜೆಗೆ ಯಾವ ಊರು, ಎಷ್ಟು ದುಡ್ಡು, ಎಷ್ಟು ದಿನ ಎಂಬ ಪ್ರಶ್ನೆಗಳನ್ನು ಆಮೇಲೆ ಕೇಳೋಣ. ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವರು ಯಾರು ಎಂಬುದನ್ನು ಮೊದಲು ಕೇಳಬೇಕು. ಬಹಳ ಮನೆಗಳಲ್ಲಿ ಅದು ಅಮ್ಮ. ಕೆಲವು ಮನೆಗಳಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವ ಮಗ, ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವ ಮಗಳು, ಪರೀಕ್ಷೆ ಮುಗಿಸಿ ಬಸವಳಿದ ಹುಡುಗಿ. ರಜೆಯ ಲೆಕ್ಕಾಚಾರ ಅವರಿಂದ ಶುರುವಾಗಲಿ.

ಇದು ಹೊರಗಿನಿಂದ ಬಂದ ವಿಚಾರವೇನಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ರಜೆ ಎಂದರೆ ತವರು. ಬೇಸಿಗೆ ರಜೆ ಬಿಟ್ಟಕೂಡಲೇ ಟ್ರಂಕು, ಚೀಲ, ಮಕ್ಕಳ ಸಮೇತ ಬಸ್ಸು ಹತ್ತಿದರೆ ಹದಿನೈದು ದಿನ ಅವಳನ್ನು ‘ಇವತ್ತು ಏನು ಅಡುಗೆ’ ಎಂದು ಯಾರೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಎಂಟರವರೆಗೆ ಮಲಗಬಹುದಿತ್ತು, ಜಗಲಿಯಲ್ಲಿ ಕೂತು ಅಕ್ಕತಂಗಿಯರ ಜೊತೆ ಹರಟಬಹುದಿತ್ತು, ಅವ್ವ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನೋಡುವ ಸ್ಥಳಗಳ ಪಟ್ಟಿ ಇರಲಿಲ್ಲ, ಹೊತ್ತಿನ ಒತ್ತಡ ಇರಲಿಲ್ಲ. ಅವಳಿಗೆ ಸಿಕ್ಕ ಆ ಬಿಡುವಿನ ಭಾರವನ್ನು ತವರಿನ ಅತ್ತಿಗೆ ಹೊರುತ್ತಿದ್ದಳು ಎಂಬುದೂ ನಿಜ, ಅದನ್ನು ಮುಚ್ಚಿಡಬಾರದು. ಆದರೆ ಒಂದೇ ಕಡೆ ಇರುವುದು, ಬೇರೆಯವರ ಕೈ ಊಟ ಉಣ್ಣುವುದು, ದಿನವನ್ನು ಖಾಲಿ ಬಿಡುವುದು ಎಂಬ ಮೂರು ಸಂಗತಿಗಳಲ್ಲಿ ರಜೆಯ ಸಾರ ಇದೆ ಎಂದು ಆ ಪದ್ಧತಿಗೆ ಗೊತ್ತಿತ್ತು. ತವರುಗಳೆಲ್ಲ ಈಗ ನಗರದ ಎರಡು ಬೆಡ್‌ರೂಮಿನ ಫ್ಲಾಟುಗಳಾಗಿವೆ. ಆ ಮೂರನ್ನು ಈಗ ನಾವೇ ಯೋಜನೆ ಮಾಡಿ ಹೊಂದಿಸಿಕೊಳ್ಳಬೇಕು.

ರಜೆಯ ಮೇಲೆ ಸಂಶೋಧನೆ ಮಾಡಿದವರು ಹೇಳುವುದೂ ಇದಕ್ಕೆ ಹತ್ತಿರವೇ ಇದೆ. ನೆದರ್‌ಲೆಂಡ್ಸ್‌ನ ಯೆರೂನ್ ನಾವೇಯ್ನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,530 ಮಂದಿ ಡಚ್ಚರಿದ್ದರು, ಅವರಲ್ಲಿ 974 ಮಂದಿ ಪ್ರವಾಸ ಹೋಗಿಬಂದವರು. ಹೊರಡುವ ಮುಂಚೆ, ಎದುರುನೋಡುವ ದಿನಗಳಲ್ಲಿ, ಅವರು ಮನೆಯಲ್ಲೇ ಉಳಿಯುವವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಬಂದ ಮೇಲೆ ನೋಡಿದರೆ ಹೋದವರಿಗೂ ಹೋಗದವರಿಗೂ ವ್ಯತ್ಯಾಸ ಉಳಿದಿರಲಿಲ್ಲ. ಒಂದು ಗುಂಪಿಗೆ ಮಾತ್ರ ಸಂತೋಷ ಇನ್ನೂ ಕೆಲವು ದಿನ ಉಳಿದಿತ್ತು: ತಮ್ಮ ಪ್ರವಾಸ ‘ತುಂಬ ನಿರಾಳವಾಗಿತ್ತು’ ಎಂದು ಹೇಳಿದವರಿಗೆ. ಪ್ರವಾಸ ‘ಪರವಾಗಿಲ್ಲ, ನಿರಾಳವಾಗಿಯೇ ಇತ್ತು’ ಎಂದವರಿಗೂ ಆ ಲಾಭ ಸಿಗಲಿಲ್ಲ.

ಅದೇ ದೇಶದಲ್ಲಿ ಜೆಸಿಕಾ ಡಿ ಬ್ಲೂಮ್ ಇನ್ನೊಂದು ಪ್ರಶ್ನೆ ಹಿಡಿದರು. ಸರಾಸರಿ 23 ದಿನದ ದೀರ್ಘ ರಜೆ ಹಾಕಿದ 54 ನೌಕರರನ್ನು ರಜೆಗೆ ಮೊದಲು, ರಜೆಯ ನಡುವೆ, ರಜೆಯ ನಂತರ ವಿಚಾರಿಸುತ್ತ ಹೋದರು. ಅವರ ಆರೋಗ್ಯ, ಉಲ್ಲಾಸ ಏರುತ್ತ ಹೋಗಿ ತುದಿ ಮುಟ್ಟಿದ್ದು ಎಂಟನೆಯ ದಿನ. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದು ಮೊದಲಿನ ಮಟ್ಟಕ್ಕೆ ಇಳಿಯಿತು. 23 ದಿನ ರಜೆ ಕೊಡುವ ಸಾಹೇಬರು ನಮಗೆ ಸಿಗಲಿಕ್ಕಿಲ್ಲ. ಆದರೆ ಈ ಅಧ್ಯಯನದಿಂದ ನಾನು ತೆಗೆದುಕೊಳ್ಳುವ ಪಾಠ ಬೇರೆ. ಮೈಮನಸ್ಸು ಬಿಚ್ಚಿಕೊಳ್ಳುವುದಕ್ಕೆ ದಿನಗಳು ಬೇಕು. ನಮ್ಮ ಬಳಿ ಇರುವುದೇ ಐದು ದಿನವಾದರೆ, ಅದರಲ್ಲಿ ಎರಡನ್ನು ಗಾಡಿಯಲ್ಲಿ, ಒಂದನ್ನು ಗಂಟು ಕಟ್ಟುವುದರಲ್ಲಿ ಕಳೆಯುವ ಹಾಗಿಲ್ಲ. ಮೊದಲ ದಿನದಿಂದಲೇ ಬಿಡುವು ಸಿಗಬೇಕಾದರೆ ತಯಾರಿಯ ಕಷ್ಟವೆಲ್ಲ ಹೊರಡುವ ವಾರಕ್ಕೆ ಎಷ್ಟೋ ಮೊದಲೇ ಮುಗಿದಿರಬೇಕು.

ಒಂದೇ ಊರು

ಉದಾಹರಣೆಗೆ ಹೊನ್ನಾವರವನ್ನು ತೆಗೆದುಕೊಳ್ಳೋಣ. ನಮ್ಮ ಕರಾವಳಿಯಲ್ಲಿ ಎಲ್ಲರೂ ದಾಟಿಕೊಂಡು ಹೋಗುವ ಊರು ಅದು. ಮುರುಡೇಶ್ವರಕ್ಕೂ ಗೋಕರ್ಣಕ್ಕೂ ನಡುವೆ ಇದೆ. ಶರಾವತಿ ಅಲ್ಲಿ ಸಮುದ್ರ ಸೇರುತ್ತಾಳೆ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ್ದು, ಅದೇ ಅಳಿವೆಯ ಬಳಿ ಇದೆ. ನದಿಯ ಆಚೆ ದಡದ ಕಾಸರಕೋಡಿನ ಕಡಲ ತೀರಕ್ಕೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ವರ್ಷ ಕರ್ನಾಟಕದಿಂದ ಆ ಮಾನ್ಯತೆ ಪಡೆದ ಇನ್ನೊಂದು ತೀರ ಪಡುಬಿದ್ರಿಯದು. ಹತ್ತಿರದಲ್ಲೇ ಕಾಂಡ್ಲಾ ಕಾಡಿನ ನಡುವೆ ಹಾಸಿದ ಮರದ ನಡಿಗೆದಾರಿ, ಅಪ್ಸರಕೊಂಡದ ಪುಟ್ಟ ಜಲಪಾತ, ಹಿನ್ನೀರಿನ ದೋಣಿ. ಇಡಗುಂಜಿ ಗಣಪತಿಗೆ ಒಂದು ಬೆಳಿಗ್ಗೆ ಸಾಕು. ಗುಣವಂತೆಯ ಶಂಭುಲಿಂಗೇಶ್ವರ ಗೋಕರ್ಣ, ಮುರುಡೇಶ್ವರಗಳ ಜೊತೆ ಎಣಿಸುವ ಪಂಚಕ್ಷೇತ್ರಗಳಲ್ಲೊಂದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ನೆಲೆಯೂ ಅದೇ ಗುಣವಂತೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಹೋದರೆ ಯಾವುದೋ ಒಂದು ಬಯಲಿನಲ್ಲಿ ಚಂಡೆಯ ಸದ್ದು ಕೇಳುವ ಅವಕಾಶವೂ ಉಂಟು.

ಪಟ್ಟಿ ಉದ್ದವಾಯಿತು, ಆದರೆ ಇದಿಷ್ಟನ್ನೂ ನೋಡಲೇಬೇಕೆಂದು ನಾನು ಹೇಳುತ್ತಿಲ್ಲ. ಐದು ದಿನ ಒಂದೇ ಊರಿನಲ್ಲಿದ್ದರೂ ಬೇಸರವಾಗದು ಎಂದು ತೋರಿಸಲು ಬರೆದೆ. ದಿನಕ್ಕೆ ಒಂದು ಹೊರಸಂಚಾರ, ಅದೂ ಬೆಳಿಗ್ಗೆ ಅಥವಾ ಸಂಜೆ. ಮಧ್ಯಾಹ್ನ ಮೀನೂಟವೋ, ತಂಬುಳಿ–ಅಪ್ಪೆಹುಳಿಯ ಊಟವೋ ಮುಗಿಸಿ ಮಲಗುವುದು. ನಿದ್ದೆ ಮಾಡಿದ ಮಧ್ಯಾಹ್ನಗಳನ್ನು ನಮ್ಮ ಜನ ‘ವೇಸ್ಟ್’ ಎನ್ನುತ್ತಾರೆ. ವರ್ಷವಿಡೀ ಐದೂವರೆಗೆ ಅಲಾರಂ ಇಟ್ಟು ಡಬ್ಬಿ ಕಟ್ಟಿದವರಿಗೆ ಅಂಥ ಐದು ಮಧ್ಯಾಹ್ನಗಳೇ ರಜೆಯ ದೊಡ್ಡ ಗಳಿಕೆ. ಜೋಗ ಅಲ್ಲಿಂದ ಸುಮಾರು 60 ಕಿ.ಮೀ. ಇದೆ, ‘ಇಷ್ಟು ಹತ್ತಿರ ಬಂದು ನೋಡದೆ ಹೋಗುವುದೇ’ ಎಂಬ ಮಾತು ಖಂಡಿತ ಬರುತ್ತದೆ. ಜೋಗ ಮೈತುಂಬಿ ಧುಮುಕುವುದು ಮಳೆಗಾಲದಲ್ಲಿ. ಅದಕ್ಕೆ ಬೇರೆಯೇ ಒಂದು ವಾರಾಂತ್ಯ ಇಟ್ಟುಕೊಳ್ಳಿ.

ಋತುವಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಸಮುದ್ರ ಕೆರಳಿರುತ್ತದೆ, ತೀರಕ್ಕೆ ಇಳಿಯಲು ಬಿಡುವುದಿಲ್ಲ. ಕೊಂಕಣ ರೈಲ್ವೆ ಮಳೆಗಾಲಕ್ಕೆಂದೇ ನಿಧಾನದ ವೇಳಾಪಟ್ಟಿ ಜಾರಿ ಮಾಡುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಪ್ರಾಣಹಾನಿಯಾಗಿ, ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಮಳೆ ನೋಡಲೆಂದೇ ಹೋಗುವವರ ಮಾತು ಬೇರೆ. ಆದರೆ ವಯಸ್ಸಾದವರು, ಮಕ್ಕಳು ಜೊತೆಗಿದ್ದು ನಿಶ್ಚಿಂತೆಯಾಗಿ ಇರಬೇಕೆಂದರೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು. ದಸರೆ ರಜೆಯಲ್ಲೇ ಹೋಗಬೇಕಾದವರು ಒಂದೆರಡು ಮಳೆಗೆ ಸಿದ್ಧರಾಗಿ ಹೋಗಬೇಕು.

ಬೆಟ್ಟ ಬೇಕು, ಕಡಲು ಬೇಡ ಎನ್ನುವವರಿಗೂ ಮೊದಲೇ ವಿಚಾರಿಸಿಕೊಳ್ಳುವ ಕೆಲಸ ಈಗ ಹೆಚ್ಚಾಗಿದೆ. ಊಟಿ, ಕೊಡೈಕೆನಾಲ್‌ಗೆ 2024ರ ಮೇ ತಿಂಗಳಿಂದ ಇ–ಪಾಸ್ ಬೇಕು. ಮುಳ್ಳಯ್ಯನಗಿರಿಗೆ ಆನ್‌ಲೈನ್ ನೋಂದಣಿ ಬಂದಿದೆ. ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ ಮುಂಗಡ ಬುಕಿಂಗ್ ಮಾಡಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಚೆಕ್‌ಪೋಸ್ಟಿನಲ್ಲಿ ನಿಂತು ಮೊಬೈಲಿನಲ್ಲಿ ಅರ್ಜಿ ತುಂಬುವ ಗಂಡ, ಹಿಂದೆ ಅಳುವ ಮಗು, ಹಾರ್ನ್ ಹೊಡೆಯುವ ಗಾಡಿಗಳು. ಇಂಥ ಒಂದು ಗಂಟೆ ಇಡೀ ದಿನದ ಮನಸ್ಸನ್ನು ಕೆಡಿಸಿಬಿಡುತ್ತದೆ. ಒಂದು ವಾರ ಮೊದಲು ಮನೆಯಲ್ಲಿ ಕೂತು ಮಾಡಿದರೆ ಹತ್ತು ನಿಮಿಷದ ಕೆಲಸ.

ಅರವತ್ತು ದಿನದ ಲೆಕ್ಕ

ಹೊನ್ನಾವರಕ್ಕೆ ಬೆಂಗಳೂರಿನಿಂದ ರೈಲೇ ಸರಿ ಎಂದು ನನ್ನ ಖಚಿತ ಅಭಿಪ್ರಾಯ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಗಾಗುವ ಹೊತ್ತಿಗೆ ಕರಾವಳಿ ಸೇರಿ ಕಾರವಾರದವರೆಗೆ ಹೋಗುತ್ತದೆ. ಘಾಟಿಯ ತಿರುವುಗಳಲ್ಲಿ ಮಗುವಿಗೆ ವಾಂತಿಯಾಗುವ ಭಯ ಇಲ್ಲ. ಡ್ರೈವಿಂಗ್ ಮಾಡಿ ಮಾಡಿ ಸೊಂಟ ಹಿಡಿದುಕೊಂಡ ಅಪ್ಪ ಇಲ್ಲ. ಮಲಗಿದವರು ಸಮುದ್ರದ ಗಾಳಿಗೆ ಏಳುತ್ತಾರೆ.

ಆದರೆ ಟಿಕೆಟ್ ಸಿಗಬೇಕಲ್ಲ! ಮುಂಗಡ ಕಾಯ್ದಿರಿಸುವ ಅವಧಿ ಮೊದಲು 120 ದಿನ ಇತ್ತು, 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಅಂದರೆ ಹೊರಡುವ ದಿನದಿಂದ ಅರವತ್ತು ದಿನ ಹಿಂದಕ್ಕೆ ಎಣಿಸಿ, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿ. ಬುಕಿಂಗ್ ತೆರೆಯುವುದು ಬೆಳಿಗ್ಗೆ ಎಂಟಕ್ಕೆ. ಹಬ್ಬದ ರಜೆಯಾದರೆ ಎಂಟೂವರೆಗೆ ನೋಡಿದವರಿಗೆ ವೇಟಿಂಗ್ ಲಿಸ್ಟ್ ಕಾಣುತ್ತದೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ದೃಢೀಕರಣ ಆಗಿದೆಯೇ ಎಂದು ಹಿಂದಿನ ವಾರವೇ ನೋಡಿಕೊಳ್ಳಿ. ಈಗ ಅದಿಲ್ಲದವರಿಗೆ ಬುಕಿಂಗ್ ತೆರೆದ ಹೊತ್ತಿನಲ್ಲಿ ಟಿಕೆಟ್ ಸಿಗುವುದಿಲ್ಲ, ತತ್ಕಾಲ್‌ಗೂ ಅದೇ ನಿಯಮ. ಬರುವ ಟಿಕೆಟ್ಟಿಗೆ ಇನ್ನೊಂದು ಕೆಂಪು ಗುರುತು ಬೇಕು. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ಅದನ್ನು ಮರೆಯುವವರೇ ಹೆಚ್ಚು.

ಹಿರಿಯರ ಟಿಕೆಟ್ ಬೇರೆಯಾಗಿ ತೆಗೆಯಿರಿ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೋಟಾ ಇದೆ. ಒಬ್ಬರೋ ಇಬ್ಬರೋ ಇರುವ ಟಿಕೆಟ್ಟಿಗೆ ಮಾತ್ರ ಅದು ಅನ್ವಯ. ಆರು ಮಂದಿಯನ್ನು ಒಂದೇ ಟಿಕೆಟ್ಟಿನಲ್ಲಿ ಹಾಕಿಬಿಟ್ಟರೆ ಮಂಡಿ ನೋವಿನ ಅಜ್ಜಿ ಮೇಲಿನ ಬರ್ತ್‌ನ ಏಣಿ ಹತ್ತಬೇಕಾಗುತ್ತದೆ, ಇಲ್ಲವೇ ಅಪರಿಚಿತರನ್ನು ಅಂಗಲಾಚಬೇಕಾಗುತ್ತದೆ. ಟಿಕೆಟ್ ತೆಗೆಯುವಾಗಿನ ಎರಡು ನಿಮಿಷದ ಎಚ್ಚರ ಅವರ ಒಂದು ರಾತ್ರಿಯ ನಿದ್ದೆಯನ್ನು ಉಳಿಸುತ್ತದೆ.

ಉಳಿಯುವ ಜಾಗದ ಬಗ್ಗೆ ಒಂದು ಮಾತು: ಫೋಟೊ ನೋಡಿ ಬುಕ್ ಮಾಡಬೇಡಿ, ಫೋನ್ ಮಾಡಿ. ರೂಮು ಯಾವ ಮಹಡಿಯಲ್ಲಿದೆ, ಲಿಫ್ಟ್ ಉಂಟೇ, ಕುರ್ಚಿಯಂತೆ ಕೂರುವ ಕಮೋಡ್ ಇದೆಯೇ, ಬಿಸಿನೀರು ಎಷ್ಟು ಹೊತ್ತಿಗೆ, ಕರೆಂಟ್ ಹೋದರೆ ಏನು ವ್ಯವಸ್ಥೆ, ಮೂರು ಹೊತ್ತಿನ ಊಟ ಅಲ್ಲೇ ಸಿಗುತ್ತದೆಯೇ ಎಂದು ಕೇಳಿ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಅಡುಗೆಮನೆ ಸೌಕರ್ಯ ಇದೆ, ನೀವೇ ಬೇಯಿಸಿಕೊಳ್ಳಬಹುದು ಎಂದು ಹೊಗಳಿಕೊಳ್ಳುವ ಮನೆಗಳನ್ನು ನಾನಂತೂ ದೂರ ಇಡುತ್ತೇನೆ. ಉತ್ತರ ಕನ್ನಡದಲ್ಲಿ ಮನೆಯವರೇ ನಡೆಸುವ ಹೋಮ್‌ಸ್ಟೇಗಳಿವೆ. ಹೋಗಿ ಇಳಿದಕೂಡಲೇ ‘ಆಸರಿಗೆ ಎಂತ ಬೇಕು’ ಎಂದು ಕೇಳಿ ಮುರುಗಲು ಪಾನಕ ಕೊಡುವ, ಬೆಳಿಗ್ಗೆ ಬಾಳೆಲೆಯಲ್ಲಿ ತೆಳ್ಳೇವು ಬಡಿಸುವ ಮನೆ ಸಿಕ್ಕರೆ ದಣಿದ ಹೆಂಗಸಿಗೆ ಅದು ತವರಿಗೆ ಹತ್ತಿರವಾದ ಜಾಗ. ನಿಲ್ದಾಣದಿಂದ ಎಷ್ಟು ದೂರ ಎಂಬುದನ್ನೂ ಕೇಳಿಕೊಳ್ಳಿ. ‘ಗೋಕರ್ಣ ರೋಡ್’ ನಿಲ್ದಾಣದಲ್ಲಿ ಇಳಿದವರು ಊರು ಇನ್ನೂ ಹತ್ತು ಕಿಲೋಮೀಟರ್ ಎಂದು ಅಲ್ಲಿಗೆ ಹೋದ ಮೇಲೆ ತಿಳಿದು ನಸುಕಿನಲ್ಲಿ ಆಟೊ ಹುಡುಕುವುದು ಸಾಮಾನ್ಯ. ಮುಂಗಡ ಕಳಿಸುವಾಗ ನಂಬರು ಸರಿಯಾದದ್ದೇ ಎಂದು ಎರಡು ಬಾರಿ ನೋಡಿ. ಹೋಟೆಲುಗಳ, ದೇವಸ್ಥಾನದ ವಸತಿಗೃಹಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟುಗಳು ಬಹಳ ಇವೆ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಗಂಟು ಕಟ್ಟುವವರು ಯಾರು?

‘ಲೇ, ನನ್ನ ನೀಲಿ ಶರ್ಟ್ ಇಟ್ಯಾ?’ ‘ಅಮ್ಮಾ, ಚಾರ್ಜರ್ ಎಲ್ಲಿ?’ ‘ನನ್ನ ಮಾತ್ರೆ ಡಬ್ಬಿ ಹಾಕಿದ್ಯೇನಮ್ಮಾ?’

ಹೊರಡುವ ಹಿಂದಿನ ರಾತ್ರಿ ಮೂರು ದಿಕ್ಕಿನಿಂದ ಬರುವ ಈ ಪ್ರಶ್ನೆಗಳಿಗೆ ಉತ್ತರಿಸುವವಳು ಒಬ್ಬಳೇ. ಕೈಕೆಲಸಕ್ಕಿಂತ ಹೆಚ್ಚಾಗಿ ದಣಿಸುವುದು ಈ ನೆನಪಿಟ್ಟುಕೊಳ್ಳುವ ಕೆಲಸ. ಯಾರ ಒಳಬಟ್ಟೆ ಎಷ್ಟು, ಯಾರಿಗೆ ಯಾವ ಸೋಪು ಆಗದು, ಯಾವ ಮಗುವಿಗೆ ಸೆಖೆಗೆ ಬೆವರುಸಾಲೆ ಏಳುತ್ತದೆ ಎಂಬುದೆಲ್ಲ ಒಂದೇ ತಲೆಯಲ್ಲಿ ತುಂಬಿರುತ್ತದೆ. ಮನೆಯವರು ‘ಹೇಳಿದರೆ ಮಾಡ್ತೀನಲ್ಲ’ ಎನ್ನುತ್ತಾರೆ. ಹೇಳಬೇಕಾಗಿ ಬರುವುದೇ ಒಂದು ಕೆಲಸ ಎಂದು ಅವರಿಗೆ ತೋಚುವುದಿಲ್ಲ.

ನಾನು ಸೂಚಿಸುವ ಏರ್ಪಾಡು ಸರಳ. ತನ್ನ ಚೀಲ ತನ್ನದು. ಎಂಟು ವರ್ಷ ದಾಟಿದ ಮಗುವೂ ತನ್ನ ಬಟ್ಟೆಯನ್ನು ತಾನೇ ಮಂಚದ ಮೇಲೆ ಜೋಡಿಸಿ ತೋರಿಸಲಿ. ಕರಾವಳಿಯ ಸೆಖೆಗೆ ತೆಳು ಹತ್ತಿ ಬಟ್ಟೆ ಸಾಕು, ಒಗೆದು ಹಾಕಿದರೆ ಚಳಿಗಾಲದ ಬಿಸಿಲಿಗೆ ಒಣಗುತ್ತದೆ. ಏನಾದರೂ ಮರೆತರೆ? ಹೊನ್ನಾವರ ತಾಲ್ಲೂಕು ಕೇಂದ್ರ, ಅಂಗಡಿಗಳಿವೆ, ಮೆಡಿಕಲ್ ಶಾಪುಗಳಿವೆ. ಮಗ ಟೂತ್‌ಬ್ರಷ್ ಮರೆತರೆ ಅಲ್ಲೇ ಕೊಂಡುಕೊಳ್ಳಲಿ, ಅಮ್ಮನ ಕಡೆ ನೋಡಬಾರದು.

ಮನೆಯನ್ನು ಮುಚ್ಚುವ ಕೆಲಸ ಗಂಡಸರ ಪಾಲಿಗೆ ಬರಲಿ, ಸಂಪೂರ್ಣವಾಗಿ. ಹಾಲು, ಪೇಪರು ನಿಲ್ಲಿಸುವುದು, ಕೆಲಸದವರಿಗೆ ಸಂಬಳ ಹಿಡಿಯದೆ ರಜೆ ಕೊಡುವುದು, ಸಿಲಿಂಡರ್‌ನ ರೆಗ್ಯುಲೇಟರ್ ಮುಚ್ಚುವುದು, ಗೀಸರ್, ಮೋಟಾರ್ ಸ್ವಿಚ್ ತೆಗೆಯುವುದು, ಫ್ರಿಜ್ಜಿನಲ್ಲಿ ಕೊಳೆಯುವ ಸೊಪ್ಪು, ಹಸಿ ತೆಂಗಿನಕಾಯಿ ಹೋಳು ಪಕ್ಕದ ಮನೆಗೆ ಕೊಡುವುದು, ತುಳಸಿಕಟ್ಟೆಗೆ ನೀರು ಹಾಕಲು ಯಾರಿಗಾದರೂ ಒಪ್ಪಿಸುವುದು. ರಜಾಕಾಲದಲ್ಲಿ ಮನೆಗೆ ಬೀಗ ಹಾಕಿ ಹೋಗುವವರು ತಿಳಿಸಿ ಹೋಗಿ ಎಂದು ಪೊಲೀಸರು ಕೇಳಿಕೊಳ್ಳುತ್ತಾರೆ. ಠಾಣೆಗೆ ಒಮ್ಮೆ ಹೋಗಿ ಬರುವುದು ಅಷ್ಟೇನೂ ಕಷ್ಟವಲ್ಲ. ಒಡವೆ ಲಾಕರಿಗೆ ಹೋಗಲಿ. ‘ಫ್ಯಾಮಿಲಿ ಟ್ರಿಪ್’ ಎಂದು ಸ್ಟೇಟಸ್ ಹಾಕುವ ಉಮೇದನ್ನು ಮನೆಗೆ ಬರುವವರೆಗೆ ತಡೆದುಕೊಂಡರೆ ಬಾಗಿಲ ಚಿಲಕ ನೆನೆದು ಅರ್ಧರಾತ್ರಿ ಎಚ್ಚರವಾಗುವುದು ತಪ್ಪುತ್ತದೆ.

ಬುತ್ತಿಯ ಬಗ್ಗೆ ನನ್ನ ನಿಲುವು ಕೆಲವರಿಗೆ ಹಿಡಿಸಲಿಕ್ಕಿಲ್ಲ. ರೈಲು ಹತ್ತುವ ಸಂಜೆಗೆ ಒಂದು ಹೊತ್ತಿನ ಬುತ್ತಿ ಸಾಕು, ಅದೂ ಬೇಕಾದರೆ ದರ್ಶಿನಿಯಿಂದ ಕಟ್ಟಿಸಿಕೊಂಡು ಬಂದ ಇಡ್ಲಿ, ಮೊಸರನ್ನ. ಮೂರು ದಿನಕ್ಕಾಗುವಷ್ಟು ಚಕ್ಕುಲಿ, ಕೋಡುಬಳೆ, ಅವಲಕ್ಕಿ ಒಗ್ಗರಣೆ ಮಾಡಿಕೊಂಡು ಹೋಗುವುದರ ಹಿಂದೆ ಪ್ರೀತಿ ಇದೆ, ಹೊರಗಿನ ಊಟ ಆಗಿಬರದೆಂಬ ಹಳೆಯ ಎಚ್ಚರವೂ ಇದೆ. ಆದರೆ ಆ ಪ್ರೀತಿಯ ಕೂಲಿ ಮಾಡಿದವಳು ರೈಲು ಹತ್ತುವಾಗಲೇ ಕುಸಿದಿರುತ್ತಾಳೆ. ಸಕ್ಕರೆ ಕಾಯಿಲೆಯವರು, ಪಥ್ಯದವರು ಮನೆಯಲ್ಲಿದ್ದರೆ ಅವರಿಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಳ್ಳೋಣ. ಅವರ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಎರಡು ದಿನದ್ದು ಹೆಚ್ಚಿಗೆ, ಜೊತೆಗೆ ಡಾಕ್ಟರ ಚೀಟಿಯ ಫೋಟೊ ಮೊಬೈಲಿನಲ್ಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಿಗೆ ನಿಂತ ಗಾಡಿಯಲ್ಲಿ ಬಿಡಬಾರದು.

ಆಫೀಸು, ನೆಂಟರು, ಮೊಬೈಲು

ಕೆಲಸದಿಂದ ಮನಸ್ಸು ಬಿಡಿಸಿಕೊಳ್ಳುವುದು ವಿಶ್ರಾಂತಿಯ ಮೊದಲ ಮೆಟ್ಟಿಲು ಎಂದು ಜರ್ಮನಿಯ ಮನಃಶಾಸ್ತ್ರಜ್ಞೆ ಸಬೀನ ಸೊನೆನ್‌ಟಾಗ್ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಶಾರ್ಲಟ್ ಫ್ರಿಟ್ಸ್ ಜೊತೆಗೂಡಿ 2007ರಲ್ಲಿ ಅವರು ವಿಶ್ರಾಂತಿಯನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಕೆಲಸದ ಯೋಚನೆಯಿಂದ ದೂರವಾಗುವುದು, ಸಡಿಲವಾಗುವುದು, ಹೊಸದೇನಾದರೂ ಕಲಿಯುವುದು, ತನ್ನ ಹೊತ್ತು ತನ್ನ ಕೈಯಲ್ಲಿರುವುದು ಎಂಬ ನಾಲ್ಕು ಅಂಶ ಅದರಲ್ಲಿವೆ. ನಮ್ಮ ಪ್ರವಾಸಗಳಲ್ಲಿ ತೀರ ಕಡಿಮೆ ಸಿಗುವುದು ನಾಲ್ಕನೆಯದು. ಬೆಳಿಗ್ಗೆ ಆರಕ್ಕೆ ರೆಡಿ, ಏಳಕ್ಕೆ ಗಾಡಿ ಎಂದು ಕೂಗುವ ಒಬ್ಬರು ಎಲ್ಲ ಗುಂಪಿನಲ್ಲೂ ಇರುತ್ತಾರೆ.

ಆಫೀಸಿನ ಕೆಲಸವನ್ನು ಹೊರಡುವ ದಿನ ಸಂಜೆ ಐದಕ್ಕೆ ಒಪ್ಪಿಸಿದರೆ ಆರರಿಂದ ಫೋನು ಬರುತ್ತದೆ. ಎರಡು ದಿನ ಮೊದಲೇ ಸಹೋದ್ಯೋಗಿಯ ಕೈಗೆ ಕೊಟ್ಟು, ಅವರ ಸಂದೇಹಗಳು ನೀವು ಎದುರಿಗಿರುವಾಗಲೇ ಬರುವಂತೆ ಮಾಡಬೇಕು. ಕರೆಯೇ ಬೇಡ ಎನ್ನಲಾಗದವರು ದಿನಕ್ಕೊಂದು ಹೊತ್ತು ಗೊತ್ತುಮಾಡಿ, ಸಂಜೆ ಅರ್ಧ ಗಂಟೆ ಎಂದು ಮೊದಲೇ ಹೇಳಿಬಿಡಲಿ. ಅವರು ಸಮುದ್ರದ ಮುಂದೆ ಕೂತು ಕಾಲ್ ತೆಗೆದುಕೊಂಡರೆ ಹೆಂಡತಿ ಮಕ್ಕಳ ರಜೆಗೂ ಅಡ್ಡಿ.

ನೆಂಟರದು ಇನ್ನೂ ಸೂಕ್ಷ್ಮ. ‘ಹೇಗೂ ಆ ಕಡೆ ಹೋಗ್ತಿದ್ದೀರಲ್ಲ, ಕುಮಟಾದಲ್ಲಿ ಚಿಕ್ಕಮ್ಮನ ಮನೆಗೂ ಒಂದು ಹೆಜ್ಜೆ ಹಾಕಿ ಬನ್ನಿ’ ಎಂದು ಹಿರಿಯರು ಹೇಳಿದರೆ ಇಲ್ಲವೆನ್ನುವುದು ಹೇಗೆ? ಚಿಕ್ಕಮ್ಮನಿಗೆ ನಾವೇ ಫೋನ್ ಮಾಡಿ, ನೀವೇ ಒಂದು ಸಂಜೆ ಹೊನ್ನಾವರಕ್ಕೆ ಬನ್ನಿ, ದಂಡೆಯ ಮೇಲೆ ಕೂತು ಮಾತಾಡೋಣ, ಊಟ ಹೊರಗೆ ಎಂದು ಕರೆಯಬಹುದು. ನಾಲ್ಕು ಮಂದಿ ನೆಂಟರಿಗೆ ಅಡುಗೆ ಮಾಡುವ ಕಷ್ಟ ಚಿಕ್ಕಮ್ಮನಿಗೂ ತಪ್ಪುತ್ತದೆ. ಅವರ ವಯಸ್ಸೂ ಅರವತ್ತು ದಾಟಿರುತ್ತದೆ, ಅವರಿಗೂ ಒಂದು ಸಂಜೆಯ ಬಿಡುವು ಬೇಡವೇ?

ಅಲ್ಲಿ ಹೋದ ಮೇಲೆ

ಊರೊಳಗೆ ಓಡಾಡಲು ಇಡೀ ದಿನದ ಕಾರು ಬೇಡ. ಆಟೊ ಇದೆ, ವಾಯವ್ಯ ಸಾರಿಗೆಯ ಕೆಂಪು ಬಸ್ಸುಗಳಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅಮ್ಮ ಮಗಳು ಇಬ್ಬರೇ ಆಧಾರ್ ಕಾರ್ಡ್ ಹಿಡಿದು, ಗಂಡಸರನ್ನು ರೂಮಿನಲ್ಲಿ ಮಲಗಲು ಬಿಟ್ಟು, ಕುಮಟಾವರೆಗೆ ಹೋಗಿ ಪೇಟೆ ಸುತ್ತಿ ಬರಬಹುದು. ಎಲ್ಲರೂ ಎಲ್ಲ ಕಡೆ ಒಟ್ಟಿಗೇ ಹೋಗಬೇಕೆಂಬ ಹಟ ಬಿಟ್ಟರೆ ಕುಟುಂಬದ ಪ್ರವಾಸದ ಅರ್ಧ ಜಗಳ ಮುಗಿಯಿತು. ಅಜ್ಜನಿಗೆ ಬಂದರಿನಲ್ಲಿ ಕೂತು ದೋಣಿ ನೋಡುವುದು ಇಷ್ಟ, ಹುಡುಗನಿಗೆ ಮರಳು, ಅಮ್ಮನಿಗೆ ಒಂದು ಕಾದಂಬರಿ. ರಾತ್ರಿ ಊಟಕ್ಕೆ ಎಲ್ಲರೂ ಸೇರಿದರೆ ಹೇಳಿಕೊಳ್ಳಲು ಬೇರೆ ಬೇರೆ ಸಂಗತಿಗಳಿರುತ್ತವೆ.

ಸಮುದ್ರದ ವಿಷಯದಲ್ಲಿ ಮಾತ್ರ ಸಡಿಲ ಬೇಡ. 2024ರ ಡಿಸೆಂಬರಿನಲ್ಲಿ, ಹವಾಮಾನ ಒಳ್ಳೆಯದಿರುವ ಕಾಲದಲ್ಲೇ, ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಬಯಲುಸೀಮೆಯಿಂದ ಹೋದ ಮಕ್ಕಳಿಗೆ ಕೆರೆ ಬಾವಿ ಗೊತ್ತಿರಬಹುದು, ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುವ ಅಲೆಯ ಸೆಳೆತ ಗೊತ್ತಿರುವುದಿಲ್ಲ. ಜೀವರಕ್ಷಕರು ಇರುವ ತೀರದಲ್ಲಿ, ಅವರು ತೋರಿಸಿದ ಜಾಗದಲ್ಲಿ, ಮೊಣಕಾಲುದ್ದ ನೀರಿಗೆ ಮಾತ್ರ ಇಳಿಯಬೇಕು. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ದೊಡ್ಡವರೊಬ್ಬರು ಮೊಬೈಲ್ ಒಳಗಿಟ್ಟು ಕಾವಲು ನಿಲ್ಲಬೇಕು. ಆ ಕಾವಲಿನ ಸರದಿಯನ್ನೂ ಹಂಚಿಕೊಳ್ಳಿ, ಅದೂ ಅಮ್ಮನ ಪಾಲಿಗೇ ಬೀಳದಿರಲಿ.

ದುಡ್ಡಿನ ಮಾತನ್ನು ಮನೆಯಲ್ಲೇ ಮುಗಿಸಿ ಹೊರಡುವುದು ಒಳ್ಳೆಯದು. ಇಷ್ಟು ಎಂದು ಗೊತ್ತುಮಾಡಿ ಬೇರೆ ತೆಗೆದಿಟ್ಟರೆ ಎಳನೀರಿಗೆ ಎಷ್ಟು, ದೋಣಿಗೆ ಎಷ್ಟು ಎಂದು ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕುವ ಮುಖ ನೋಡಬೇಕಿಲ್ಲ. ಸಾಲ ಮಾಡಿ, ಕಂತಿನ ಮೇಲೆ ಪ್ರವಾಸ ಹೋಗುವುದನ್ನು ನಾನು ಯಾರಿಗೂ ಹೇಳಲಾರೆ. ದೂರದ ಊರಿಗೆ ದುಡ್ಡು ಸಾಲದಿದ್ದರೆ ಹತ್ತಿರದ ಊರಿಗೆ ಹೋಗಬಹುದು. ದಣಿವು ಇಳಿಯುವುದಕ್ಕೆ ವಿಮಾನ ಬೇಕಿಲ್ಲ.

ವಾಪಸಾಗುವ ದಿನವನ್ನು ಶುಕ್ರವಾರ ರಾತ್ರಿಗೆ ಇಟ್ಟುಕೊಳ್ಳಿ. ಶನಿವಾರ ಬೆಳಿಗ್ಗೆ ಮನೆ. ಇನ್ನೊಂದು ದಿನ ಹೆಚ್ಚಿಗೆ ಇರಬಹುದಿತ್ತು ಎಂದು ಮಕ್ಕಳು ಗೊಣಗುತ್ತಾರೆ, ಗೊಣಗಲಿ. ರಜೆಯ ಕೊನೆಯ ಎರಡು ದಿನ ಸ್ವಂತ ಮನೆಯಲ್ಲಿ ಸಿಗಬೇಕು. ಬಂದ ದಿನ ಅಮ್ಮ ಒಲೆ ಹಚ್ಚುವುದಿಲ್ಲ ಎಂದು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಲಿ: ಬೆಳಿಗ್ಗೆ ಹೋಟೆಲಿನ ದೋಸೆ, ರಾತ್ರಿಗೆ ಅಪ್ಪನ ಕೈಯ ಅನ್ನ ಸಾರು. ಮರಳು ತುಂಬಿದ ಬಟ್ಟೆಗಳನ್ನು ಮಗ ಮಹಡಿಯ ಮೇಲೆ ಕೊಡವಿ ಮಷೀನಿಗೆ ಹಾಕುತ್ತಾನೆ, ಮಗಳು ಒಣಹಾಕುತ್ತಾಳೆ. ಹಾಲಿನವನಿಗೆ ಶನಿವಾರದಿಂದಲೇ ಮತ್ತೆ ಹಾಕು ಎಂದು ರೈಲಿನಿಂದಲೇ ಹೇಳಿಬಿಟ್ಟರೆ ಮನೆಗೆ ಬಂದಕೂಡಲೇ ಕಾಫಿಗೆ ಯಾರೂ ಅಂಗಡಿಗೆ ಓಡಬೇಕಿಲ್ಲ. ಆ ಕಾಫಿ ಯಾರು ಮಾಡುತ್ತಾರೆ ಎಂಬುದೂ ಹೊನ್ನಾವರದಲ್ಲೇ ತೀರ್ಮಾನವಾಗಿರಲಿ.